ತಪ್ಪಿದ ಎದೆಬಡಿತಕ್ಕೆ ಅಮೈನೊ ಪುಡಿ ಮದ್ದೇ?

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು ಕಡೆಯ ಆಸ್ಪತ್ರೆಗಳಲ್ಲಿ ‘ಎದಿ ಡವಡವ ಅಂತೈತ್ರಿ, ಒಮ್ಮೊಮ್ಮೆ ಜೀವ ಝಲ್ ಅಂತೈತಿ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಒಂದು ಮಾತಿಗೆ ಕಾರಣ ಹತ್ತಾರು. ಹೆಣ್ಣುಮಕ್ಕಳಲ್ಲಿ ಬಹಳ ಸಲ ರಕ್ತಹೀನತೆ. ಕೆಲವರಲ್ಲಿ ಥೈರಾಯ್ಡ್. ರಾತ್ರಿ ಕರೆಂಟ್ ಬಂದಾಗ ಎದ್ದು ಹೊಲಕ್ಕೆ ನೀರು ಹಾಯಿಸಿ, ನಿದ್ದೆಗೆಟ್ಟು, ಮೇಲಿಂದ ಮೇಲೆ ಚಹಾ ಕುಡಿದು ಬೀಡಿ ಸೇದಿದವರಿಗೆ ಅಷ್ಟೇ ಸಾಕು. ವಾಂತಿಭೇದಿಯಾಗಿ ಮೈಯಲ್ಲಿನ ಪೊಟ್ಯಾಸಿಯಂ ಇಳಿದಿರಬಹುದು. ಚಿಕ್ಕಂದಿನಲ್ಲಿ ಬಂದುಹೋದ ಕೀಲುಜ್ವರ ಹೃದಯದ ಕವಾಟವನ್ನು ಸದ್ದಿಲ್ಲದೆ ಹಾಳುಮಾಡಿರಬಹುದು. ಯಾವ ಕಾಯಿಲೆಯೂ ಇಲ್ಲದ ಬರೀ ಗಾಬರಿಯೂ ಆಗಿರಬಹುದು.

ಈ ಹತ್ತಾರು ಕಾರಣಗಳಿಗೆಲ್ಲ ಈಗ ಮೊಬೈಲಿನಲ್ಲಿ ಒಂದೇ ಸಿದ್ಧ ಉತ್ತರ ಸಿಗುತ್ತಿದೆ. ಟಾರಿನ್ ಮತ್ತು ಎಲ್-ಅರ್ಜಿನಿನ್ ಎಂಬ ಎರಡು ಅಮೈನೊ ಆಮ್ಲಗಳನ್ನು ಪುಡಿಯಾಗಿಯೋ ಕ್ಯಾಪ್ಸೂಲ್ ಆಗಿಯೋ ತೆಗೆದುಕೊಂಡರೆ ತಾಳ ತಪ್ಪಿದ ಹೃದಯ ದಾರಿಗೆ ಬರುತ್ತದೆ ಎಂಬುದು ಅದರ ಸಾರ. ಈ ಹೆಸರುಗಳು ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪ್‌ಗಳಿಗೆ ಹೊಸವೇನಲ್ಲ. ಹೊಟ್ಟೆಯಲ್ಲಿನ ಕೂಸಿನ ತೂಕ ಹೆಚ್ಚಲೆಂದು ಗರ್ಭಿಣಿಯರಿಗೆ ಅರ್ಜಿನಿನ್ ಸ್ಯಾಚೆ ಬರೆದುಕೊಡುವ ರೂಢಿ ಎಷ್ಟೋ ಕಡೆ ಇದೆ. ಟಾರಿನ್ ಹಲವು ಎನರ್ಜಿ ಡ್ರಿಂಕ್‌ಗಳ ಬಾಟಲಿಯೊಳಗೇ ಇದೆ. ಸುಸ್ತು ಎಂದರೆ ಸಲೈನ್ ಹಚ್ಚಿಸಿಕೊಂಡು ಬರುವ, ‘ಶಕ್ತಿಗೆ ಏನಾದ್ರೂ ಕೊಡ್ರಿ’ ಎಂದು ಕೇಳುವ ನಮ್ಮ ಜನರ ನಡುವೆ ಇಂಥ ಮಾತು ಬೇಗ ಬೇರು ಬಿಡುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಟಾರಿನ್‌ನಲ್ಲಿ ಪರೀಕ್ಷಿಸಿ ನೋಡಲೇಬೇಕಾದ ಸಂಗತಿಯಿದೆ. ಆದರೆ ಆ ಪರೀಕ್ಷೆ ನಡೆಯಬೇಕಾದದ್ದು ಆಸ್ಪತ್ರೆಯಲ್ಲಿ, ರೋಗಿಯ ಒಪ್ಪಿಗೆ ಪಡೆದು, ಸರ್ಕಾರದ ಖರ್ಚಿನಲ್ಲಿ. ಹಗರಿಬೊಮ್ಮನಹಳ್ಳಿಯ ರೈತನೊಬ್ಬ ತನ್ನದೇ ದುಡ್ಡು ಕೊಟ್ಟು ತನ್ನದೇ ಮೈಮೇಲೆ ಮಾಡಿಕೊಳ್ಳುವ ಪ್ರಯೋಗ ಅದಾಗಬಾರದು.

ಮೊದಲು ಕಾಯಿಲೆ ಯಾವುದೆಂದು ಬಿಡಿಸಿಕೊಳ್ಳೋಣ. ಹೃದಯದ ತೊಂದರೆ ಎಂದೊಡನೆ ಎಲ್ಲರ ಮನಸ್ಸಿಗೆ ಬರುವುದು ಹಾರ್ಟ್ ಅಟ್ಯಾಕ್. ಬೋರ್‌ವೆಲ್ ಇಟ್ಟುಕೊಂಡವರಿಗೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ: ಪೈಪ್ ಕಟ್ಟಿಕೊಂಡರೆ ಅದು ಹೃದಯಾಘಾತ, ಸ್ಟಾರ್ಟರ್ ಮತ್ತು ವೈರಿಂಗ್ ಕೆಟ್ಟರೆ ಅದು ಬಡಿತದ ದೋಷ. ಹೃದಯದ ಬಲ ಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಸಣ್ಣ ಗಂಟು ನಿಮಿಷಕ್ಕೆ ಅರವತ್ತರಿಂದ ನೂರು ಸಲ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ಅದು ಮೇಲಿನ ಕೋಣೆಗಳನ್ನು ದಾಟಿ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ನಡುವೆ ಎಲ್ಲೋ ಒಂದು ಕಡೆಯಿಂದ ಹೆಚ್ಚುವರಿ ಮಿಡಿತವೊಂದು ಎದ್ದರೆ ‘ಎದಿ ಒಂದು ಸಲ ಬಿಟ್ಟು ಹೊಡೀತು’ ಎನಿಸುತ್ತದೆ. ಇದು ಬಹುಪಾಲು ಆರೋಗ್ಯವಂತರಲ್ಲೂ ಆಗುತ್ತದೆ, ಹೆಚ್ಚಾಗಿ ಅಪಾಯವಿಲ್ಲ. ಮೇಲಿನ ಕೋಣೆಗಳು ಬಡಿಯುವುದನ್ನೇ ಬಿಟ್ಟು ಅದುರತೊಡಗಿದರೆ ಅದು ಏಟ್ರಿಯಲ್ ಫಿಬ್ರಿಲೇಷನ್. ಕೆಳಗಿನ ಕೋಣೆಗಳು ಅದುರತೊಡಗಿದರೆ ಉಳಿಯಲು ಇರುವುದು ಕೆಲವೇ ನಿಮಿಷ. ಇವು ಮೂರೂ ‘ಎದೆಬಡಿತದ ತೊಂದರೆ’ ಎಂಬ ಒಂದೇ ಹೆಸರಿನಡಿ ಬರುವುದರಿಂದಲೇ ಒಂದಕ್ಕೆ ಹೇಳಿದ ಮದ್ದನ್ನು ಇನ್ನೊಂದಕ್ಕೆ ಹಚ್ಚುವ ಅಪಾಯ ಹುಟ್ಟುವುದು.

ಅಮೈನೊ ಆಮ್ಲದ ಮಾತಿಗೆ ಮೂಲ 2006ರಲ್ಲಿ ಅಮೆರಿಕದ ಜಾರ್ಜ್ ಈಬಿ ಮತ್ತು ವಿಲಿಯಂ ಹ್ಯಾಲ್ಕಂಬ್ ಬರೆದ ಒಂದು ಲೇಖನ. ದಿನಕ್ಕೆ 10ರಿಂದ 20 ಗ್ರಾಂ ಟಾರಿನ್ ತೆಗೆದುಕೊಂಡಾಗ ಮೇಲಿನ ಕೋಣೆಯಿಂದ ಏಳುವ ಹೆಚ್ಚುವರಿ ಬಡಿತಗಳು ಅರ್ಧಕ್ಕರ್ಧ ಇಳಿದವು, ಕೆಳಗಿನ ಕೋಣೆಯವು ಪೂರ್ತಿ ನಿಂತವು, ಅದಕ್ಕೆ 4ರಿಂದ 6 ಗ್ರಾಂ ಅರ್ಜಿನಿನ್ ಸೇರಿಸಿದಾಗ ಉಳಿದವೂ ಹೋದವು ಎಂದು ಅವರು ವರದಿ ಮಾಡಿದರು. ವರದಿ ಮೂರು ಜನರದ್ದು. ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ ಪಡೆದವರಿಲ್ಲ. ಪ್ರಕಟವಾದದ್ದು ‘ಮೆಡಿಕಲ್ ಹೈಪಾಥಿಸಿಸ್’ ಪತ್ರಿಕೆಯಲ್ಲಿ. ಪುರಾವೆ ಇನ್ನೂ ಸಿಗದ ಹೊಸ ಊಹೆಗಳಿಗೆ ಜಾಗ ಕೊಡಲೆಂದೇ 1975ರಲ್ಲಿ ಆರಂಭವಾದ ಈ ಪತ್ರಿಕೆ ಆಗ ಲೇಖನಗಳನ್ನು ಬೇರೆ ತಜ್ಞರಿಂದ ಪರಿಶೀಲನೆ ಮಾಡಿಸುತ್ತಿರಲಿಲ್ಲ. ಲೇಖಕರು ತಮ್ಮ ಶೀರ್ಷಿಕೆಯಲ್ಲೇ ಇದು ಊಹೆ ಎಂದು ಬರೆದಿದ್ದರು. ಅವರು ಪ್ರಾಮಾಣಿಕವಾಗಿ ಹಾಕಿದ ಆ ಒಂದು ಪದ ಮೊಬೈಲಿಗೆ ಬರುವ ಹೊತ್ತಿಗೆ ಉದುರಿಹೋಗಿದೆ.

ಹಾಗೆಂದು ಊಹೆಗೆ ಬುಡವೇ ಇಲ್ಲ ಎನ್ನಲಾಗದು. 1827ರಲ್ಲಿ ಎತ್ತಿನ ಪಿತ್ತರಸದಲ್ಲಿ ಮೊದಲು ಸಿಕ್ಕ ಟಾರಿನ್, ನಮ್ಮ ಹೃದಯದ ಸ್ನಾಯುವಿನಲ್ಲಿ ಹೇರಳವಾಗಿರುವ ವಸ್ತು. ಪ್ರತಿ ಬಡಿತದಲ್ಲೂ ಸ್ನಾಯುಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಬೇಕು, ಮತ್ತೆ ಹೊರಬೀಳಬೇಕು. ಒಳಗೆ ಉಳಿದುಬಿಟ್ಟ ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಮಿಡಿತ ಎಬ್ಬಿಸುತ್ತದೆ. ಈ ಒಳಹೊರಗಿನ ಸಂಚಾರವನ್ನು ಹದದಲ್ಲಿಡುವುದರಲ್ಲಿ ಟಾರಿನ್‌ಗೆ ಪಾತ್ರವಿದೆ. 1963ರಷ್ಟು ಹಿಂದೆಯೇ ನಾಯಿಗಳ ಮೇಲಿನ ಪ್ರಯೋಗವೊಂದರಲ್ಲಿ ಅಡ್ರಿನಲಿನ್ ಮತ್ತು ಡಿಜಾಕ್ಸಿನ್‌ನಿಂದ ಕೆಡಿಸಿದ ಬಡಿತದ ಮೇಲೆ ಅದರ ಪರಿಣಾಮವನ್ನು ನೋಡಲಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯಾನ್ ತಂಡ ಇನ್ನೂ ದೊಡ್ಡ ಸಂಗತಿಯನ್ನು ತೋರಿಸಿತು. ಅಂಗಡಿಯ ಸಿದ್ಧ ಆಹಾರ ತಿಂದ ಸಾಕುಬೆಕ್ಕುಗಳ ಹೃದಯ ಹಿಗ್ಗಿ ಸೋಲುತ್ತಿದ್ದುದಕ್ಕೆ ಕಾರಣ ಟಾರಿನ್ ಕೊರತೆ. ಅದನ್ನು ತುಂಬಿಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತಿತ್ತು. ಅಲ್ಲಿಂದಾಚೆ ಬೆಕ್ಕಿನ ಆಹಾರದ ಸೂತ್ರವೇ ಬದಲಾಯಿತು. ಜಪಾನ್ ಹೃದಯ ವೈಫಲ್ಯದ ಚಿಕಿತ್ಸೆಗೆ ಟಾರಿನ್ ಬಳಸಲು ಅನುಮತಿ ಕೊಟ್ಟಿದೆ. ಅಲ್ಲಿನ ಅಧ್ಯಯನವೊಂದರಲ್ಲಿ ಬಳಸಿದ್ದು ದಿನಕ್ಕೆ 3 ಗ್ರಾಂ.

ಬೆಕ್ಕಿಗೂ ನಮಗೂ ಒಂದು ವ್ಯತ್ಯಾಸವಿದೆ. ಬೆಕ್ಕು ತನಗೆ ಬೇಕಾದಷ್ಟು ಟಾರಿನ್ ತಾನೇ ತಯಾರಿಸಿಕೊಳ್ಳಲಾರದು, ನಮ್ಮ ಯಕೃತ್ತು ತಯಾರಿಸುತ್ತದೆ. ಜೋಳದಲ್ಲಿ, ನವಣೆಯಲ್ಲಿ, ಹುರುಳಿಯಲ್ಲಿ ಟಾರಿನ್ ಇಲ್ಲವೆಂದೇ ಹೇಳಬಹುದು. ಅದು ಸಿಗುವುದು ಮಾಂಸದಲ್ಲಿ, ತುಂಗಭದ್ರೆಯ ಹಿನ್ನೀರಿನಲ್ಲಿ ಹಿಡಿಯುವಂಥ ಮೀನಿನಲ್ಲಿ. ಆದರೂ ತಲೆತಲಾಂತರದಿಂದ ರೊಟ್ಟಿ, ಕಾಳುಪಲ್ಯ ಉಂಡವರ ಹೃದಯಗಳು ಬೆಕ್ಕಿನ ಹೃದಯದಂತೆ ಸೋತಿಲ್ಲ. ಮಾಂಸಾಹಾರವೂ ಸೇರಿದ ದಿನದ ಊಟದಿಂದ ಸಿಗುವ ಟಾರಿನ್ 40ರಿಂದ 400 ಮಿಲಿಗ್ರಾಂ. ಈಬಿ ಹೇಳಿದ 20 ಗ್ರಾಂ ಅದರ ಕನಿಷ್ಠ ಐವತ್ತು ಪಟ್ಟು. 500 ಮಿಲಿಗ್ರಾಂನ ಕ್ಯಾಪ್ಸೂಲ್ ಆದರೆ ದಿನಕ್ಕೆ 40 ನುಂಗಬೇಕು. ಕೊರತೆ ತುಂಬುವುದು ಬೇರೆ, ಇಷ್ಟು ಪ್ರಮಾಣದಲ್ಲಿ ಸುರಿಯುವುದು ಬೇರೆ. ಎರಡನೆಯದು ಆಹಾರದ ಲೆಕ್ಕದಿಂದ ದಾಟಿ ಔಷಧಿಯ ಲೆಕ್ಕಕ್ಕೆ ಬಂದಾಯಿತು, ಆದ್ದರಿಂದ ಔಷಧಿಗೆ ಕೇಳುವ ಪುರಾವೆಯನ್ನೇ ಇದಕ್ಕೂ ಕೇಳಬೇಕು. ಕಿಡ್ನಿ ಸೋತು ಡಯಾಲಿಸಿಸ್‌ನಲ್ಲಿರುವವರ ಮೈಯಿಂದ ಟಾರಿನ್ ಸರಿಯಾಗಿ ಹೊರಹೋಗದೆ ಶೇಖರವಾಗುತ್ತದೆ ಎಂಬುದೂ ಗೊತ್ತಿರುವ ವಿಷಯ.

ಪುರಾವೆಯ ಹಟ ಯಾಕೆ ಬೇಕು ಎಂಬುದಕ್ಕೆ ಹೃದ್ರೋಗ ಶಾಸ್ತ್ರದಲ್ಲೇ ಒಂದು ಕಹಿ ಪಾಠವಿದೆ. ಹೃದಯಾಘಾತವಾದವರಲ್ಲಿ ಹೆಚ್ಚುವರಿ ಬಡಿತ ಜಾಸ್ತಿಯಿದ್ದರೆ ಹಠಾತ್ ಸಾವಿನ ಭಯವೂ ಜಾಸ್ತಿ ಎಂದು ವೈದ್ಯರು ಕಂಡುಕೊಂಡಿದ್ದರು. ಹಾಗಾದರೆ ಆ ಬಡಿತಗಳನ್ನು ಅಡಗಿಸಿದರೆ ಜೀವ ಉಳಿಯಬೇಕಲ್ಲ? ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಅವನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಆದರೂ ಖಾತ್ರಿ ಮಾಡಿಕೊಳ್ಳೋಣವೆಂದು ಅಮೆರಿಕದಲ್ಲಿ ಕಾಸ್ಟ್ ಎಂಬ ದೊಡ್ಡ ಪ್ರಯೋಗ ನಡೆಯಿತು. 1991ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಔಷಧಿ ತೆಗೆದುಕೊಂಡ 755 ಮಂದಿಯಲ್ಲಿ 63 ಜನ ಸತ್ತಿದ್ದರು, ಸಪ್ಪೆ ಮಾತ್ರೆ ತೆಗೆದುಕೊಂಡ 743 ಮಂದಿಯಲ್ಲಿ 26. ಇಸಿಜಿಯ ಗೆರೆ ನೆಟ್ಟಗಾಗುತ್ತಿತ್ತು, ರೋಗಿ ಸಾಯುತ್ತಿದ್ದ. ಹೋಲಿಕೆಯ ಗುಂಪಿಲ್ಲದಿದ್ದರೆ ಆ ಸಾವುಗಳನ್ನು ಮೂಲ ಕಾಯಿಲೆಯ ಲೆಕ್ಕಕ್ಕೆ ಬರೆದು ಔಷಧಿಯನ್ನು ಇನ್ನಷ್ಟು ವರ್ಷ ಕೊಡುತ್ತಿದ್ದರು. ‘ಬಡಿತ ಕಮ್ಮಿಯಾಯಿತು’ ಎಂಬ ಮೂರು ಜನರ ಕಥೆಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನೂ ಒಂದು ಮಾತಿದೆ. ಹೆಚ್ಚುವರಿ ಬಡಿತಗಳು ತಾವಾಗಿಯೇ ಏರುತ್ತವೆ, ತಾವಾಗಿಯೇ ಇಳಿಯುತ್ತವೆ. ಇಂದು ಸಾವಿರ ಬಂದರೆ ಬರುವ ವಾರ ಐವತ್ತಕ್ಕೆ ಇಳಿಯಬಹುದು. ತೀರಾ ಹೆಚ್ಚಾದ ದಿನವೇ ಜನ ಮದ್ದು ಹುಡುಕಿಕೊಂಡು ಹೋಗುವುದು. ಆ ದಿನ ಯಾವ ಪುಡಿ ಕೈಗೆ ಸಿಕ್ಕಿತೋ, ಮುಂದೆ ತಾನಾಗಿ ಆಗುವ ಇಳಿಕೆಯ ಕೀರ್ತಿ ಅದಕ್ಕೇ ಸಲ್ಲುತ್ತದೆ. ನಂಬಿದವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಕಡಿಮೆಯಾಗಿರುತ್ತದೆ.

ಅರ್ಜಿನಿನ್‌ನ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳಬೇಕು. ದೇಹ ಅರ್ಜಿನಿನ್‌ನಿಂದ ನೈಟ್ರಿಕ್ ಆಕ್ಸೈಡ್ ತಯಾರಿಸಿಕೊಳ್ಳುತ್ತದೆ, ಅದು ರಕ್ತನಾಳಗಳನ್ನು ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡ್ ದೇಹದೊಳಗೆ ಮಾಡುವ ಕೆಲಸವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರ ನೊಬೆಲ್ ಬಂತು. ನೊಬೆಲ್ ಹೆಸರು ಹೇಳಿ ಪುಡಿ ಮಾರುವುದು ಆಗಿನಿಂದಲೇ ಜೋರಾಯಿತು. ಆದರೆ ಈಬಿಯ ಲೇಖನ ಬಂದ ಅದೇ 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ 153 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ ಮೂರು ಸಲ 3 ಗ್ರಾಂ ಅರ್ಜಿನಿನ್, ಇನ್ನೊಂದಕ್ಕೆ ಸಪ್ಪೆ ಮಾತ್ರೆ ಕೊಡಲಾಗಿತ್ತು. ಅರ್ಜಿನಿನ್ ಗುಂಪಿನಲ್ಲಿ ಆರು ಮಂದಿ ತೀರಿಕೊಂಡರು. ಇನ್ನೊಂದರಲ್ಲಿ ಒಬ್ಬರೂ ಇಲ್ಲ. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಸಂಖ್ಯೆ ಸಣ್ಣದೆಂದು ವಾದಿಸಬಹುದು. ಆದರೆ ಅತ್ತ ಮೂರು ಜನರ ಭರವಸೆಯನ್ನು ನಂಬುವವರು ಇತ್ತ ಆರು ಸಾವುಗಳನ್ನು ಸಣ್ಣ ಸಂಖ್ಯೆ ಎನ್ನುವಂತಿಲ್ಲ. ಎದೆನೋವಿಗೆಂದು ಸಾರ್ಬಿಟ್ರೇಟ್ ಮಾತ್ರೆ ಜೇಬಿನಲ್ಲಿಟ್ಟುಕೊಂಡವರು, ಬಿಪಿ ಗುಳಿಗೆ ನುಂಗುವವರು ಅರ್ಜಿನಿನ್ ಸೇರಿಸಿಕೊಂಡರೆ ಬಿಪಿ ಇನ್ನೂ ಕೆಳಗಿಳಿಯಬಹುದು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ‘ಬೇರೆ ಗುಳಿಗೆ ಏನಾದರೂ ನುಂಗುತ್ತೀರಾ’ ಎಂದು ಕೇಳುವವರು ಯಾರು?

ಡಬ್ಬಿಯ ಮೇಲೆ ಎಚ್ಚರಿಕೆಯೇನೋ ಇದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದ ಪ್ರಕಾರ ಇಂಥ ಪೂರಕಗಳ ಲೇಬಲ್ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂದು ಎದ್ದು ಕಾಣುವಂತೆ ಬರೆದಿರಲೇಬೇಕು. ನಮ್ಮ ಊರುಗಳಿಗೆ ಬರುವ ಡಬ್ಬಿಗಳಲ್ಲಿ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ, ಅಂಟಿಸಿದ ಬೆಲೆಯ ಚೀಟಿ ಒಮ್ಮೊಮ್ಮೆ ಅದರ ಮೇಲೇ ಕೂತಿರುತ್ತದೆ. ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ಬೀಡಿ ಕಟ್ಟಿನ ಮೇಲೆ ಎಚ್ಚರಿಕೆ ಹಾಕಿಸಿದವರಿಗೆ ಇದೂ ಸಾಧ್ಯ. ಎನರ್ಜಿ ಡ್ರಿಂಕ್‌ಗಳ ಮಾತೂ ಇಲ್ಲೇ ಬರಬೇಕು. ಪಾನ್‌ಶಾಪಿನಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಬಾಟಲಿಯನ್ನು ಹೈಸ್ಕೂಲ್ ಹುಡುಗರು, ರಾತ್ರಿ ಪಾಳಿಯ ಲಾರಿ ಚಾಲಕರು ತಂಪು ಪಾನೀಯದಂತೆ ಕುಡಿಯುತ್ತಾರೆ. 2019ರಲ್ಲಿ ಅಮೆರಿಕದಲ್ಲಿ 34 ಆರೋಗ್ಯವಂತ ವಯಸ್ಕರಿಗೆ ಸುಮಾರು ಒಂದು ಲೀಟರಿನಷ್ಟು ಎನರ್ಜಿ ಡ್ರಿಂಕ್ ಕುಡಿಸಿ ಇಸಿಜಿ ನೋಡಿದಾಗ, ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ಮತ್ತೆ ಸಜ್ಜಾಗುವ ಅವಧಿ ಉದ್ದವಾಗಿತ್ತು. ಆ ಅವಧಿ ಹಿಗ್ಗಿದಷ್ಟೂ ಅಪಾಯಕಾರಿ ಬಡಿತಕ್ಕೆ ದಾರಿ. ತಪ್ಪು ಟಾರಿನ್‌ನದೇ ಎಂದು ಆ ಅಧ್ಯಯನ ಹೇಳಲಿಲ್ಲ. ಆದರೆ ಟಾರಿನ್ ಇದ್ದ ಮಾತ್ರಕ್ಕೆ ಹೃದಯಕ್ಕೆ ರಕ್ಷೆ ಸಿಗಲಿಲ್ಲ ಎಂಬುದಂತೂ ನಿಜ.

ಭಯವಿದ್ದಲ್ಲಿ ವ್ಯಾಪಾರ ಬೆಳೆಯುತ್ತದೆ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿಗೇ ನಟ ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಕನ್ನಡನಾಡಿನ ಮನೆಮನೆಯಲ್ಲೂ ಹೃದಯದ ಭಯ ಕೂತಿದೆ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಬೆಳಗಿನಿಂದಲೇ ಸಾಲುಗಟ್ಟಿದರು. ಅಸಹಜ ಏರಿಕೆಯೇನೂ ಇಲ್ಲವೆಂದು ತಜ್ಞರ ಸಮಿತಿ ಆಮೇಲೆ ಹೇಳಿತು. ಅಷ್ಟರಲ್ಲಿ ಎಷ್ಟು ಡಬ್ಬಿ ಖಾಲಿಯಾಗಿದ್ದವೋ.

ಅಮೈನೊ ಆಮ್ಲದ ವಿಷಯದಲ್ಲಿ ನಮ್ಮ ಜೋಳದ ಸೀಮೆಗೆ ತನ್ನದೇ ಒಂದು ಇತಿಹಾಸವಿದೆ, ಅದನ್ನು ನಾವೇ ಮರೆತಿದ್ದೇವೆ. ಬಿಸಿಲು ತಾಗಿದ ಕಡೆಯೆಲ್ಲ ಚರ್ಮ ಸುಟ್ಟಂತೆ ಕಪ್ಪಾಗುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ: ಪೆಲಾಗ್ರ ಎಂಬ ಈ ಕಾಯಿಲೆ ಜಗತ್ತಿನ ಬೇರೆಡೆ ಮೆಕ್ಕೆಜೋಳ ಉಣ್ಣುವವರಿಗೆ ಬರುತ್ತಿತ್ತು. ದಖ್ಖನಿನಲ್ಲಿ ಬಿಳಿಜೋಳ ಉಣ್ಣುವ ಬಡವರಿಗೂ ಬರುತ್ತಿದ್ದುದನ್ನು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅಭ್ಯಾಸ ಮಾಡಿದರು. 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಮುಂದಿಟ್ಟ ವಿವರಣೆ ಆಗ ಎಲ್ಲರನ್ನೂ ಚಕಿತಗೊಳಿಸಿತು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿದೆ, ಅದು ಇನ್ನೊಂದು ಅಮೈನೊ ಆಮ್ಲವಾದ ಟ್ರಿಪ್ಟೊಫಾನ್‌ನಿಂದ ಪೆಲಾಗ್ರ ತಡೆಯುವ ನಯಾಸಿನ್ ಎಂಬ ಜೀವಸತ್ವ ತಯಾರಾಗುವುದನ್ನು ಕೆಡಿಸುತ್ತದೆ ಎಂದು ಅವರು ವಾದಿಸಿದರು. ಈ ವಾದದ ಮೇಲೆ ಮುಂದೆ ಬಹಳ ಚರ್ಚೆ ನಡೆದಿದೆ. ಆದರೆ ಅದು ತೋರಿಸಿದ ದಿಕ್ಕು ಮುಖ್ಯ. ಅಮೈನೊ ಆಮ್ಲಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಹೆಚ್ಚಾದರೆ ಇನ್ನೊಂದರ ದಾರಿ ಕಟ್ಟುತ್ತದೆ. ಇದನ್ನು ಕಂಡುಕೊಂಡದ್ದು ನಮ್ಮಂಥದೇ ಊಟ ಉಂಡವರ ಮೈಯಲ್ಲಿ.

ಆ ಊಟದ ಬಗೆಗೂ ಎರಡು ಮಾತು ಹೇಳಲೇಬೇಕು. ಜೋಳದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಹೆಚ್ಚು. ರೊಟ್ಟಿಯ ಜೊತೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ ಹಾಕಿಕೊಳ್ಳುವ ಪದ್ಧತಿ ಈ ಕೊರತೆಯನ್ನು ಎಂದೋ ತುಂಬಿದೆ. ಕೂಡ್ಲಿಗಿ, ಹರಪನಹಳ್ಳಿಯ ಕೆಂಪು ನೆಲದ ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 3 ಗ್ರಾಂ ಅರ್ಜಿನಿನ್ ಇದೆ. ಅರ್ಜಿನಿನ್ ಇಷ್ಟು ಹೇರಳವಾಗಿರುವ ಬೆಳೆಗಳು ಕೆಲವೇ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಚಟ್ನಿಪುಡಿಯಲ್ಲಿ ಅದು ನಾರು, ಎಣ್ಣೆ, ಬೇರೆ ಪ್ರೋಟೀನಿನ ಜೊತೆ ನಿಧಾನವಾಗಿ ಹೊಟ್ಟೆ ಸೇರುತ್ತದೆ. ಒಮ್ಮೆಲೇ ಮೂರು ಗ್ರಾಂ ಶುದ್ಧ ಪುಡಿ ರಕ್ತಕ್ಕೆ ಇಳಿಯುವುದಕ್ಕೂ ಇದಕ್ಕೂ ಬಹಳ ಅಂತರವಿದೆ. 2024ರ ಮೇ ತಿಂಗಳಲ್ಲಿ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ ಮೈ ಕಟ್ಟಲೆಂದು ಪ್ರೋಟೀನ್ ಪೂರಕಗಳನ್ನು ತಿನ್ನಬೇಡಿ ಎಂದೇ ಹೇಳಿದೆ. ಶೇಂಗಾ ಬೆಳೆದು ಕ್ವಿಂಟಲ್ ಲೆಕ್ಕದಲ್ಲಿ ಮಾರಿ, ಅದರಲ್ಲೇ ಇರುವುದನ್ನು ಗ್ರಾಂ ಲೆಕ್ಕದಲ್ಲಿ ಕೊಂಡು ತರುವ ಸ್ಥಿತಿ ನಮಗೆ ಬರಬಾರದು.

ಹಾಗಾದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳಲ್ಲಿ ಎದೆಬಡಿತ ತಪ್ಪಿದವರಿಗೆ ನಿಜವಾಗಿ ಬೇಕಾದದ್ದೇನು? ಇಂಥ ಬಡ ಸೀಮೆಗಳಲ್ಲಿ ನನ್ನ ದೃಷ್ಟಿಗೆ ಎಲ್ಲಕ್ಕಿಂತ ಮುಂದೆ ನಿಲ್ಲಬೇಕಾದ ರೋಗಿ ಕೀಲುಜ್ವರದಿಂದ ಕವಾಟ ಕೆಟ್ಟು, ಮೂವತ್ತು, ನಲವತ್ತರ ವಯಸ್ಸಿಗೇ ಏಟ್ರಿಯಲ್ ಫಿಬ್ರಿಲೇಷನ್ ಅಂಟಿಸಿಕೊಂಡ ಹೆಣ್ಣುಮಗಳು. ಅಂಥವರ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಮೂರು ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಒಂದು ಜೋರು ಬಡಿತ, ಎರಡು ಸಣ್ಣವು, ನಡುವೆ ಖಾಲಿ, ಮತ್ತೆ ಮೂರು ಅವಸರದವು. ಯಾವ ಎಣಿಕೆಗೂ ಸಿಗುವುದಿಲ್ಲ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಬರೀ ಫಿಬ್ರಿಲೇಷನ್ ಇದ್ದರೆ ಲಕ್ವದ ಅಪಾಯ ಐದು ಪಟ್ಟಿಗೂ ಹೆಚ್ಚು, ಕೀಲುಜ್ವರದ ಕವಾಟದೋಷವೂ ಸೇರಿದರೆ 17 ಪಟ್ಟು ಎಂದು 1978ರಲ್ಲೇ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಹೇಳಿದೆ. ಆಕೆಗೆ ಬೇಕಾದದ್ದು ರಕ್ತ ತೆಳುವಾಗಿಸುವ ಗುಳಿಗೆ. ಅದರ ಬದಲು ಟಾರಿನ್ ನುಂಗಿ ‘ಎದಿ ಹೊಡ್ಕೊಳ್ಳೋದು ಕಮ್ಮಿ ಆಗೈತಿ’ ಎಂದು ಸಮಾಧಾನಪಟ್ಟರೆ ಹೆಪ್ಪು ಒಳಗೆ ಬೆಳೆಯುತ್ತಲೇ ಇರುತ್ತದೆ.

ಯಾವ ಗುಳಿಗೆ ಎಂಬುದಕ್ಕೆ ಉತ್ತರ ಸ್ಪಷ್ಟವಾಗಿದೆ. ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕದ 24 ದೇಶಗಳ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ನಡೆದ ಇನ್ವಿಕ್ಟಸ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಕೀಲುಜ್ವರದ ಕವಾಟದವರಿಗೆ ದುಬಾರಿಯಾದ ಹೊಸ ಗುಳಿಗೆಗಿಂತ ವಾರ್ಫರಿನ್ ಬಗೆಯ ಹಳೆಯ, ಅಗ್ಗದ ಗುಳಿಗೆಯೇ ಮೇಲು. ಸಾವುಗಳು ಅದರಲ್ಲೇ ಕಡಿಮೆ. ಆದರೆ ಹಳೆಯ ಗುಳಿಗೆಗೆ ಒಂದು ಕಟ್ಟುಪಾಡಿದೆ. ತಿಂಗಳು ತಿಂಗಳೂ ಐಎನ್‌ಆರ್ ಎಂಬ ರಕ್ತಪರೀಕ್ಷೆ ಆಗಬೇಕು, ಬಹುತೇಕರಲ್ಲಿ ಅದು 2 ಮತ್ತು 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಸೊಪ್ಪು ಒಂದು ವಾರ ಪೂರ್ತಿ ಬಿಟ್ಟು ಮುಂದಿನ ವಾರ ಎರಡು ಹೊತ್ತು ಉಂಡರೂ ಅಳತೆ ಏರುಪೇರಾಗುತ್ತದೆ. ಹಡಗಲಿ, ಹರಪನಹಳ್ಳಿಯ ಹಳ್ಳಿಗಳಿಂದ ಒಂದು ರಕ್ತಪರೀಕ್ಷೆಗೆಂದು ದಾವಣಗೆರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಜೊತೆಗೆ ಬಂದವರ ಕೂಲಿ. ಎರಡು ತಿಂಗಳು ಹೋಗಿ ಮೂರನೆಯ ತಿಂಗಳು ಬಿಡುತ್ತಾರೆ. ಬೆರಳ ತುದಿಯ ಒಂದು ಹನಿ ರಕ್ತದಿಂದ ಐಎನ್‌ಆರ್ ನೋಡುವ ಸಣ್ಣ ಯಂತ್ರಗಳು ಈಗ ಇವೆ. ಐದೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಇದ್ದು, ತಿಂಗಳಿಗೊಂದು ಗೊತ್ತಾದ ದಿನ ನಡೆದರೆ ಎಷ್ಟೋ ಲಕ್ವಗಳು ತಪ್ಪುತ್ತವೆ.

ಅದಕ್ಕೂ ಹಿಂದಿನ ಹೆಜ್ಜೆ ಪೆನಿಸಿಲಿನ್. ಗಂಟಲುನೋವು ಬಂದು, ಕೆಲವು ವಾರ ಕಳೆದ ಮೇಲೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು ಬಂದು, ಕೀಲುಜ್ವರವೆಂದು ಗೊತ್ತಾದ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೀಳಬೇಕು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ತಾಂಡಾಗಳಿಂದ ಸುಗ್ಗಿ ಮುಗಿಯುತ್ತಲೇ ಕುಟುಂಬಗಳು ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು, ಬೆಂಗಳೂರಿನ ಗಾರೆ ಕೆಲಸಕ್ಕೆ ಗುಳೆ ಹೋಗುತ್ತವೆ. ಮಗುವೂ ಹೋಗುತ್ತದೆ, ಚುಚ್ಚುಮದ್ದು ತಪ್ಪುತ್ತದೆ, ಜ್ವರ ಮರುಕಳಿಸುತ್ತದೆ, ಕವಾಟ ಇನ್ನಷ್ಟು ಹಾಳಾಗುತ್ತದೆ. ಇಲ್ಲಿನ ಪಿಎಚ್‌ಸಿ ಒಂದು ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದುಕೊಟ್ಟು, ಚಿಕ್ಕಮಗಳೂರು, ಕೊಡಗಿನ ಪಿಎಚ್‌ಸಿ ಅದನ್ನು ನೋಡಿ ಚುಚ್ಚುವಂತೆ ವ್ಯವಸ್ಥೆಯಾದರೆ ಸಾಕು. ಎದೆಬಡಿತದ ಕಾಯಿಲೆಯನ್ನು ಮೂಲದಲ್ಲೇ ತಡೆಯುವ ಮದ್ದು ಇದು, ಬೆಲೆಯೂ ಬಹಳವಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ. ಅದು ಹಾರ್ಟ್ ಅಟ್ಯಾಕಿಗೆಂದು ರೂಪಿಸಿದ್ದು. ಅದೇ ಯಂತ್ರ, ಅದೇ ಜಾಲ ಬಡಿತದ ದೋಷವನ್ನೂ ಹಿಡಿಯಬಲ್ಲದು. ‘ಎದೆನೋವಿಲ್ಲ, ಬರೀ ಡವಡವ’ ಎಂದವರನ್ನೂ ಒಂದು ಸಲ ಮಲಗಿಸಿ ಇಸಿಜಿ ತೆಗೆಯಿರಿ ಎಂಬ ಒಂದು ಸುತ್ತೋಲೆ ಬೇಕು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಜಯದೇವ ಆಸ್ಪತ್ರೆಗೆ 371 ಹಾಸಿಗೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಆ ಸಂಖ್ಯೆ. ಕಲ್ಯಾಣ ಕರ್ನಾಟಕಕ್ಕೆ ಅದು ಹೆಮ್ಮೆಯ ವಿಷಯವೇ. ಆದರೆ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿಯವರಿಗೆ ಕಲಬುರಗಿ ದೂರದ ಊರು. ಜಿಲ್ಲಾ ಕೇಂದ್ರವಾದ ಹೊಸಪೇಟೆಯಲ್ಲಾದರೂ ವಾರಕ್ಕೊಮ್ಮೆ ಹೃದಯಬಡಿತದ ತಜ್ಞರು ಕೂರುವಂತಾಗಬೇಕು.

ಟಾರಿನ್‌ಗೆ ಮರಳೋಣ. 2023ರಲ್ಲಿ ವಿಜಯ್ ಯಾದವ್ ನೇತೃತ್ವದ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಟಾರಿನ್ ಕೊಟ್ಟ ಇಲಿಗಳು ಹೆಚ್ಚು ಕಾಲ ಬದುಕಿದವೆಂದು, ವಯಸ್ಸಾದಂತೆ ದೇಹದಲ್ಲಿ ಅದು ಇಳಿಯುತ್ತದೆಂದು ಬರೆದಾಗ ಜಗತ್ತೇ ಅದರ ಹಿಂದೆ ಬಿತ್ತು. ಎರಡೇ ವರ್ಷಕ್ಕೆ, ಅದೇ ಪತ್ರಿಕೆಯಲ್ಲಿ, ವಯಸ್ಸಿನೊಂದಿಗೆ ಟಾರಿನ್ ಹಾಗೆ ಇಳಿಯುವುದೇ ಇಲ್ಲವೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಜನರ ರಕ್ತ ನೋಡಿ ತೋರಿಸಿದರು. ವಿಜ್ಞಾನ ನಡೆಯುವುದೇ ಹೀಗೆ, ಅದರಲ್ಲಿ ಯಾರಿಗೂ ಅವಮಾನವಿಲ್ಲ. ಎದೆಬಡಿತದ ಊಹೆಗೂ ಇಂಥ ಎರಡನೆಯ ನೋಟ ಬೇಕು. ಟಾರಿನ್ ಮೇಲೆ ಯಾರಿಗೂ ಪೇಟೆಂಟ್ ಇಲ್ಲ, ಲಾಭವಿಲ್ಲದ ಕಡೆ ಕಂಪನಿಗಳು ಕೋಟಿಗಟ್ಟಲೆ ಖರ್ಚು ಮಾಡಿ ಪ್ರಯೋಗ ನಡೆಸುವುದಿಲ್ಲ. ಆದ್ದರಿಂದಲೇ ಇದು ಸಾರ್ವಜನಿಕ ಸಂಸ್ಥೆಯ ಕೆಲಸ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಿಗೆ ಬರುವಷ್ಟು ರೋಗಿಗಳು ಜಗತ್ತಿನ ಬಹಳ ಕಡೆ ಸಿಗುವುದಿಲ್ಲ. ಕವಾಟ ಸರಿಯಿದ್ದು, ಹೃದಯಾಘಾತ ಆಗದೆ, ಕಿಡ್ನಿ ಚೆನ್ನಾಗಿದ್ದು, ಹೆಚ್ಚುವರಿ ಬಡಿತಗಳಿಂದ ಮಾತ್ರ ಕಷ್ಟಪಡುವವರನ್ನು ಆರಿಸಬಹುದು. ಜಪಾನಿನಲ್ಲಿ ಬಳಸಿದ 3 ಗ್ರಾಂನಿಂದ ಶುರುಮಾಡಿ, ಅರ್ಧ ಜನಕ್ಕೆ ಟಾರಿನ್, ಅರ್ಧ ಜನಕ್ಕೆ ಸಪ್ಪೆ ಪುಡಿ ಕೊಟ್ಟು, ಯಾರಿಗೆ ಯಾವುದೆಂದು ವೈದ್ಯರಿಗೂ ರೋಗಿಗೂ ಗೊತ್ತಿಲ್ಲದಂತೆ ನೋಡಿಕೊಂಡು, ಮೈಗೆ ಕಟ್ಟುವ ಹೋಲ್ಟರ್ ಯಂತ್ರದಲ್ಲಿ ದಿನಪೂರ್ತಿಯ ಬಡಿತ ಎಣಿಸಬೇಕು. ಅರ್ಜಿನಿನ್ ಈ ಪ್ರಯೋಗದೊಳಗೆ ಬರಕೂಡದು. ಫಲಿತಾಂಶ ಹೌದೆಂದು ಬರಲಿ, ಇಲ್ಲವೆಂದು ಬರಲಿ, ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗುವ ದಿನವೇ ಅದನ್ನು ಕನ್ನಡದಲ್ಲೂ ಹೊರತಂದು ತಾಲ್ಲೂಕು ಆಸ್ಪತ್ರೆಯ ಗೋಡೆಗೆ, ಮೆಡಿಕಲ್ ಶಾಪಿನ ಕೌಂಟರಿಗೆ ತಲುಪಿಸುವ ಷರತ್ತನ್ನು ಅನುದಾನದ ಆದೇಶದಲ್ಲೇ ಸೇರಿಸಬೇಕು.